ಕಿಬ್ಬೊಟ್ಟೆ ನೋವು ನಿಲ್ಲುತ್ತಿಲ್ಲ, ಸ್ಕ್ಯಾನ್‌ನಲ್ಲಿ ಸಿಸ್ಟ್ ಕಂಡಿದೆ: ಕಾರಣ ತಿಳಿಯುವುದು ಹೇಗೆ?

ತಿಂಗಳುಗಟ್ಟಲೆ ಕಿಬ್ಬೊಟ್ಟೆ ನೋವು. ಮಾತ್ರೆ ನುಂಗಿದರೆ ಒಂದೆರಡು ದಿನ ನಿರಾಳ, ಆಮೇಲೆ ಮತ್ತೆ ಅದೇ ನೋವು. ಸ್ಕ್ಯಾನ್ ಮಾಡಿಸಿದರೆ ವರದಿಯಲ್ಲಿ ‘ಅಂಡಾಶಯದಲ್ಲಿ ಸಿಸ್ಟ್’ ಎಂಬ ಸಾಲು. ಒಬ್ಬ ವೈದ್ಯರು ‘ಇದು ಸಾಮಾನ್ಯ, ಚಿಂತೆ ಬೇಡ’ ಎನ್ನುತ್ತಾರೆ. ಇನ್ನೊಬ್ಬರು ‘ಆಪರೇಷನ್ ಮಾಡಿಸಿಬಿಡಿ’ ಎನ್ನುತ್ತಾರೆ. ಯಾರ ಮಾತು ನಂಬುವುದು?

ಕೆಲಸದ ನಿಮಿತ್ತ ನಾಗಪುರಕ್ಕೆ ಬಂದು ಮನೀಶ್ ನಗರದಲ್ಲಿ ನೆಲೆಸಿದ ಕನ್ನಡಿಗ ಮಹಿಳೆಗೆ ಈ ಗೊಂದಲ ಇನ್ನೂ ಹೆಚ್ಚು. ಊರಿನ ಪರಿಚಿತ ವೈದ್ಯರು ಹತ್ತಿರವಿಲ್ಲ. ಹೇಳಿಕೊಳ್ಳಲು ಮುಜುಗರವಾಗುವ ನೋವನ್ನು ಮರಾಠಿ ಅಥವಾ ಹಿಂದಿಯಲ್ಲಿ ವಿವರಿಸಬೇಕು. ನೀವು ಇಂತಹ ಸ್ಥಿತಿಯಲ್ಲಿದ್ದರೆ, ಅಥವಾ ಮನೆಯಲ್ಲಿ ಇಂತಹ ನೋವು ಪಡುತ್ತಿರುವವರಿಗೆ ಜೊತೆಯಾಗಿದ್ದರೆ, ಈ ಲೇಖನ ನಿಮಗಾಗಿ.

ಮೊದಲು ಒಂದು ಮಾತು ನೆನಪಿಡಿ: ಸ್ಕ್ಯಾನ್‌ನಲ್ಲಿ ಸಿಸ್ಟ್ ಕಂಡಿತು ಎಂದಾಕ್ಷಣ ನೋವಿಗೆ ಅದೇ ಕಾರಣ ಎಂದಾಗುವುದಿಲ್ಲ. ಸ್ಕ್ಯಾನ್ ಸರಿಯಾಗಿದೆ ಎಂದಾಕ್ಷಣ ನೋವು ಸುಳ್ಳೂ ಅಲ್ಲ.

ಸಿಸ್ಟ್ ಎಂದರೇನು?

ಸಿಸ್ಟ್ ಎಂದರೆ ದ್ರವ ತುಂಬಿದ ಚೀಲ, ಅಂದರೆ ನೀರುಗುಳ್ಳೆ. ಮುಟ್ಟಾಗುವ ವಯಸ್ಸಿನಲ್ಲಿ ಪ್ರತಿ ತಿಂಗಳು ಅಂಡಾಣು ಬೆಳೆಯುವುದೇ ಇಂತಹ ಪುಟ್ಟ ಕೋಶದೊಳಗೆ. ಅಂಡಾಣು ಹೊರಬರುವ ಹೊತ್ತಿಗೆ ಆ ಕೋಶ ಸುಮಾರು 2 ಸೆಂ.ಮೀ. ಗಾತ್ರಕ್ಕೆ ಬೆಳೆದಿರುತ್ತದೆ. ಕೆಲವೊಮ್ಮೆ ಅದು ಒಡೆಯದೆ ಉಳಿಯುತ್ತದೆ, ಇಲ್ಲವೇ ಒಡೆದ ಮೇಲೆ ಮತ್ತೆ ದ್ರವ ತುಂಬಿಕೊಳ್ಳುತ್ತದೆ. ಇಂತಹ ಸರಳ ಸಿಸ್ಟ್ 5 ಸೆಂ.ಮೀ.ಗಿಂತ ಚಿಕ್ಕದಾಗಿದ್ದರೆ ಸಾಮಾನ್ಯವಾಗಿ ಎರಡು ಮೂರು ಮುಟ್ಟಿನೊಳಗೆ ತಾನಾಗಿಯೇ ಕರಗುತ್ತದೆ.

ಬೇರೆ ಬಗೆಗಳೂ ಇವೆ. ಎಂಡೊಮೆಟ್ರಿಯೋಸಿಸ್ ಕಾಯಿಲೆಯಲ್ಲಿ ಗರ್ಭಕೋಶದ ಒಳಪದರದಂತಹ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುತ್ತದೆ. ಅದು ಅಂಡಾಶಯದಲ್ಲಿ ಬೆಳೆದಾಗ ಹಳೆಯ ರಕ್ತ ತುಂಬಿದ ‘ಚಾಕೊಲೇಟ್ ಸಿಸ್ಟ್’ ಆಗುತ್ತದೆ. ಕೊಬ್ಬು, ಕೂದಲು ಇರುವ ‘ಡರ್ಮಾಯ್ಡ್’ ಸಿಸ್ಟ್ ಇನ್ನೊಂದು ಬಗೆ. ಇವು ತಾವಾಗಿ ಕರಗುವುದು ಕಡಿಮೆ.

ಪಿಸಿಓಡಿ ಬೇರೆಯೇ ವಿಷಯ. ಅದರಲ್ಲಿ ಕಾಣುವ ಸಾಲುಸಾಲು ‘ಸಿಸ್ಟ್‌’ಗಳು ನಿಜದಲ್ಲಿ ಪೂರ್ತಿ ಬೆಳೆಯದ ಅಂಡಕೋಶಗಳು. ಅವು ಸಾಮಾನ್ಯವಾಗಿ ನೋವು ಕೊಡುವುದಿಲ್ಲ. ‘ಪಿಸಿಓಡಿ ಇದೆ, ಅದಕ್ಕೇ ನೋವು’ ಎಂಬ ಉತ್ತರ ಸಿಕ್ಕರೆ, ನೋವಿಗೆ ಬೇರೆ ಕಾರಣ ಹುಡುಕಿದ್ದೀರಾ ಎಂದು ಕೇಳಿ.

ನೋವಿಗೆ ಬೇರೆ ಏನೆಲ್ಲ ಕಾರಣ ಇರಬಹುದು?

ಕಿಬ್ಬೊಟ್ಟೆ ನೋವು 6 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಉಳಿದರೆ ಅದನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಇದರ ಹಿಂದೆ ಒಂದಕ್ಕಿಂತ ಹೆಚ್ಚು ಕಾರಣ ಇರಬಹುದು. ಎಂಡೊಮೆಟ್ರಿಯೋಸಿಸ್ ಮುಖ್ಯವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮುಟ್ಟಾಗುವ ವಯಸ್ಸಿನ ಸುಮಾರು ಶೇ. 10ರಷ್ಟು ಮಹಿಳೆಯರಲ್ಲಿ ಇದು ಇರುತ್ತದೆ. ಹಾಗಿದ್ದರೂ ಇದು ಪತ್ತೆಯಾಗಲು ಹಲವರಿಗೆ ವರ್ಷಗಳೇ ಹಿಡಿಯುತ್ತವೆ. ಮುಟ್ಟಿನ ನೋವು ಎಲ್ಲರಿಗೂ ಇರುವುದೇ ಎಂಬ ಮಾತು ಈ ತಡಕ್ಕೆ ಒಂದು ದೊಡ್ಡ ಕಾರಣ.

ಅಡಿನೋಮಯೋಸಿಸ್, ಗರ್ಭಕೋಶ ಮತ್ತು ಅಂಡನಾಳದ ಸೋಂಕು, ಹಳೆಯ ಶಸ್ತ್ರಚಿಕಿತ್ಸೆಯಿಂದ ಒಳಗೆ ಉಂಟಾದ ಅಂಟುಗಳು ಇತರ ಕಾರಣಗಳು. ನಮ್ಮ ದೇಶದಲ್ಲಿ ಜನನಾಂಗದ ಕ್ಷಯವನ್ನೂ ಮರೆಯುವಂತಿಲ್ಲ. ಅದು ಕೆಮ್ಮು, ಕಫ ಯಾವುದೂ ಇಲ್ಲದೆ ಬರಬಹುದು. ಕರುಳು, ಮೂತ್ರಕೋಶ, ಕಿಬ್ಬೊಟ್ಟೆಯ ತಳದ ಸ್ನಾಯುಗಳ ತೊಂದರೆಯೂ ಇದೇ ಜಾಗದಲ್ಲಿ ನೋಯುತ್ತದೆ. ಆದ್ದರಿಂದ ಸ್ತ್ರೀರೋಗ ತಜ್ಞರು ನಿಮ್ಮನ್ನು ಇನ್ನೊಬ್ಬ ತಜ್ಞರ ಬಳಿ ಕಳಿಸಿದರೆ ಕೈಬಿಟ್ಟರು ಎಂದುಕೊಳ್ಳಬೇಡಿ.

ವೈದ್ಯರನ್ನು ಕಾಣುವ ಮೊದಲು

ಎರಡು ತಿಂಗಳ ನೋವಿನ ಲೆಕ್ಕ ಬರೆದಿಡಿ. ಕ್ಯಾಲೆಂಡರ್ ಇದ್ದರೆ ಸಾಕು. ಪ್ರತಿದಿನ ಇಷ್ಟನ್ನು ಗುರುತು ಮಾಡಿ:

• ನೋವು 0ಯಿಂದ 10ರಲ್ಲಿ ಎಷ್ಟು? ಎಡಕ್ಕೋ, ಬಲಕ್ಕೋ, ನಡುವೆಯೋ?
• ಮುಟ್ಟಿನ ಎಷ್ಟನೇ ದಿನ? ರಕ್ತಸ್ರಾವ ಎಷ್ಟು?
• ಮಲ, ಮೂತ್ರ ವಿಸರ್ಜಿಸುವಾಗ ಅಥವಾ ಲೈಂಗಿಕ ಸಂಪರ್ಕದ ವೇಳೆ ನೋವು ಇದೆಯೇ?
• ಯಾವ ಮಾತ್ರೆ ತೆಗೆದುಕೊಂಡಿರಿ, ಎಷ್ಟು ಹೊತ್ತು ಕಡಿಮೆಯಾಯಿತು?
• ಕೆಲಸ, ಕಾಲೇಜು, ಅಡುಗೆ, ನಿದ್ದೆ ಯಾವುದು ತಪ್ಪಿತು?

ಈ ಲೆಕ್ಕ ವೈದ್ಯರಿಗೆ ದಾರಿ ತೋರಿಸುತ್ತದೆ. ಮುಟ್ಟಿಗೆ ಎರಡು ದಿನ ಮೊದಲು ಏರಿ, ಮಲವಿಸರ್ಜನೆಯಲ್ಲೂ ಕಾಡುವ ನೋವು ಎಂಡೊಮೆಟ್ರಿಯೋಸಿಸ್ ಕಡೆಗೆ ಬೊಟ್ಟು ಮಾಡುತ್ತದೆ. ಊಟದ ನಂತರ ಹೆಚ್ಚಾಗಿ, ಮಲವಿಸರ್ಜನೆಯಾದರೆ ಇಳಿಯುವ ನೋವು ಕರುಳಿನದ್ದಿರಬಹುದು.

ಹಳೆಯ ವರದಿಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಒಂದೇ ಫೈಲ್‌ಗೆ ಹಾಕಿ. ಕರ್ನಾಟಕದಲ್ಲಿ ಮಾಡಿಸಿದ ಸ್ಕ್ಯಾನ್‌ಗಳನ್ನೂ ಸೇರಿಸಿ. ಸಿಸ್ಟ್ ಬೆಳೆಯುತ್ತಿದೆಯೇ, ಕರಗುತ್ತಿದೆಯೇ ಎಂಬುದು ಹೋಲಿಸಿ ನೋಡಿದರೆ ಮಾತ್ರ ಗೊತ್ತಾಗುವುದು.

ಮಾತಿನ ತೊಡಕಿಗೆ ಕೆಲವು ಪದಗಳು ನೆರವಾಗುತ್ತವೆ. ಕಿಬ್ಬೊಟ್ಟೆಗೆ ಮರಾಠಿಯಲ್ಲಿ ‘ಓಟಿಪೋಟ್’, ಹಿಂದಿಯಲ್ಲಿ ‘ಪೇಡೂ’. ಮುಟ್ಟಿಗೆ ಮರಾಠಿಯಲ್ಲಿ ‘ಪಾಳೀ’, ಹಿಂದಿಯಲ್ಲಿ ‘ಮಾಹವಾರಿ’. ಬಿಳಿಸೆರಗಿಗೆ ‘ಪಾಂಢರಂ ಪಾಣಿ’, ‘ಸಫೇದ್ ಪಾನಿ’. ಉರಿಗೆ ‘ಜಳಜಳ’, ‘ಜಲನ್’. ಹಿಂಡಿದಂತಹ ನೋವಿಗೆ ‘ಕಳ’, ‘ಮರೋಡ್’.

ಎಲ್ಲಿಗೆ ಹೋಗುವುದು?

ಮನೆ ಹತ್ತಿರದ ಸ್ತ್ರೀರೋಗ ತಜ್ಞರಿಂದಲೇ ಆರಂಭಿಸಬಹುದು. ಎರಡು ಮೂರು ಭೇಟಿಯ ನಂತರವೂ ಕಾರಣ ಸ್ಪಷ್ಟವಾಗದಿದ್ದರೆ ಎಲ್ಲ ವಿಭಾಗಗಳೂ ಒಂದೇ ಸೂರಿನಡಿ ಇರುವ ಆಸ್ಪತ್ರೆ ಒಳ್ಳೆಯದು. ಮನೀಶ್ ನಗರದಿಂದ ದಕ್ಷಿಣಕ್ಕೆ, ಮಿಹಾನ್ ಪ್ರದೇಶದಲ್ಲಿ ಏಮ್ಸ್ ನಾಗಪುರ ಇದೆ. ಹೊರರೋಗಿ ವಿಭಾಗಕ್ಕೆ ಆನ್‌ಲೈನ್‌ನಲ್ಲಿ ಮೊದಲೇ ಹೆಸರು ನೋಂದಾಯಿಸಬಹುದು. ನಗರದೊಳಗೆ 1947ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಮಹಿಳೆಯರಿಗೆಂದೇ ಇರುವ ಡಾಗಾ ಸರ್ಕಾರಿ ಆಸ್ಪತ್ರೆಯೂ ಇದೆ. 14 ಅಂಕಿಯ ಆಭಾ ಸಂಖ್ಯೆ ಮಾಡಿಸಿಕೊಂಡರೆ ವರದಿಗಳನ್ನು ಒಂದೆಡೆ ಜೋಡಿಸಿಡುವುದು ಸುಲಭ. ಖರ್ಚಿನ ಚಿಂತೆ ಇದ್ದರೆ ಆಯುಷ್ಮಾನ್ ಭಾರತ್ ಮತ್ತು ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯ ಬಗ್ಗೆ ಆಸ್ಪತ್ರೆಯ ‘ಆರೋಗ್ಯ ಮಿತ್ರ’ರನ್ನು ವಿಚಾರಿಸಿ.

ಯಾವ ಪರೀಕ್ಷೆ ಏನು ಹೇಳುತ್ತದೆ?

ಅಲ್ಟ್ರಾಸೌಂಡ್: ಅಂಡಾಶಯವನ್ನು ನೋಡಲು ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಹೆಚ್ಚು ಸ್ಪಷ್ಟ. ಲೈಂಗಿಕ ಸಂಪರ್ಕ ಆಗಿರದವರಿಗೆ ಮೂತ್ರಕೋಶ ತುಂಬಿಸಿ ಹೊಟ್ಟೆಯ ಮೇಲಿಂದ ಮಾಡುತ್ತಾರೆ. ಅದರಲ್ಲಿ ಚಿತ್ರ ಸರಿಯಾಗಿ ಬರದಿದ್ದರೆ ಎಂಆರ್‌ಐ ಬೇಕೇ ಎಂದು ಕೇಳಿ. ಎಂಡೊಮೆಟ್ರಿಯೋಸಿಸ್‌ನ ಸಣ್ಣ ಚುಕ್ಕೆಗಳು ಎರಡರಲ್ಲೂ ತಪ್ಪಿಸಿಕೊಳ್ಳಬಹುದು.

ಸಿಎ-125 ರಕ್ತ ಪರೀಕ್ಷೆ: ಇದರ ಅಂಕಿ ಹೆಚ್ಚು ಬಂದರೆ ಮನೆಮಂದಿಯೆಲ್ಲ ಕ್ಯಾನ್ಸರ್ ಎಂದು ಹೆದರುತ್ತಾರೆ. ಮುಟ್ಟಿನ ದಿನಗಳಲ್ಲಿ, ಎಂಡೊಮೆಟ್ರಿಯೋಸಿಸ್, ಫೈಬ್ರಾಯ್ಡ್, ಸೋಂಕು, ಕ್ಷಯ ಇದ್ದಾಗಲೂ ಇದು ಏರುತ್ತದೆ. ಈ ಒಂದು ಅಂಕಿಯಿಂದ ಯಾವ ಕಾಯಿಲೆಯನ್ನೂ ಖಚಿತಪಡಿಸಲಾಗದು.

ಲ್ಯಾಪರೋಸ್ಕೋಪಿ: ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾದಿಂದ ನೋಡುವ ವಿಧಾನ. ಹಿಂದೆ ಎಂಡೊಮೆಟ್ರಿಯೋಸಿಸ್ ಪತ್ತೆಗೆ ಇದೇ ಬೇಕು ಎನ್ನುತ್ತಿದ್ದರು. ಯುರೋಪಿನ ತಜ್ಞರ ಸಂಘದ 2022ರ ಮಾರ್ಗಸೂಚಿ ಇದನ್ನು ಬದಲಿಸಿತು. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದಾಗ, ಔಷಧ ಫಲ ಕೊಡದಿದ್ದಾಗ ಅಥವಾ ಔಷಧ ಕೊಡುವಂತಿಲ್ಲದಿದ್ದಾಗ ಲ್ಯಾಪರೋಸ್ಕೋಪಿ ಎಂದು ಅದು ಹೇಳುತ್ತದೆ. ಅಂದರೆ ಲಕ್ಷಣ, ತಪಾಸಣೆ ಮತ್ತು ಸ್ಕ್ಯಾನ್ ಆಧರಿಸಿ ವೈದ್ಯರು ಹಾರ್ಮೋನ್ ಔಷಧ ಆರಂಭಿಸಬಹುದು.

ಆಪರೇಷನ್ ಎಂದಾಗ ಕೇಳಬೇಕಾದದ್ದು

• ಇದು ಯಾವ ಬಗೆಯ ಸಿಸ್ಟ್? ನನ್ನ ನೋವಿಗೆ ಇದೇ ಕಾರಣ ಎಂದು ಏಕೆ ಅನ್ನಿಸುತ್ತದೆ?
• 6ರಿಂದ 12 ವಾರ ಕಾದು ಮತ್ತೆ ಸ್ಕ್ಯಾನ್ ಮಾಡಿದರೆ ಅಪಾಯವೇ?
• ಔಷಧದಿಂದ ಆರಂಭಿಸಬಹುದೇ?
• ಸಿಸ್ಟ್ ಮಾತ್ರ ತೆಗೆಯುತ್ತೀರಾ, ಅಂಡಾಶಯವನ್ನೂ ತೆಗೆಯುತ್ತೀರಾ?
• ಮುಂದೆ ಮಗು ಬೇಕು, ಅದಕ್ಕೆ ತೊಂದರೆಯಾಗುತ್ತದೆಯೇ?

ಕೊನೆಯ ಪ್ರಶ್ನೆ ಮುಖ್ಯ. ಚಾಕೊಲೇಟ್ ಸಿಸ್ಟ್ ತೆಗೆಯುವಾಗ ಅಂಡಾಶಯದಲ್ಲಿ ಉಳಿದ ಅಂಡಾಣುಗಳ ಸಂಖ್ಯೆಯೂ ಕಡಿಮೆಯಾಗಬಹುದು. ಎರಡನೇ ಅಭಿಪ್ರಾಯ ಪಡೆಯುವುದು ನಿಮ್ಮ ಹಕ್ಕು. ‘ಮದುವೆಯಾದರೆ, ಒಂದು ಮಗುವಾದರೆ ಸರಿಹೋಗುತ್ತದೆ’ ಎಂಬ ಸಲಹೆಯನ್ನು ಚಿಕಿತ್ಸೆ ಎಂದು ಒಪ್ಪಿಕೊಳ್ಳಬೇಡಿ.

ತಡ ಮಾಡಬಾರದ ಲಕ್ಷಣಗಳು

ಇದ್ದಕ್ಕಿದ್ದಂತೆ ಒಂದು ಬದಿಯಲ್ಲಿ ತೀವ್ರ ನೋವು, ಜೊತೆಗೆ ವಾಂತಿ ಬಂದರೆ ಅಂಡಾಶಯ ತಿರುಚಿಕೊಂಡಿರಬಹುದು. ತಡವಾದರೆ ರಕ್ತಸಂಚಾರ ನಿಂತು ಅಂಡಾಶಯವೇ ಹಾಳಾಗಬಹುದು. ಮುಟ್ಟು ತಪ್ಪಿದ್ದು ಹೊಟ್ಟೆನೋವು, ರಕ್ತಸ್ರಾವ ಅಥವಾ ತಲೆಸುತ್ತು ಇದ್ದರೆ ಗರ್ಭಕೋಶದ ಹೊರಗೆ ಗರ್ಭ ನಿಂತಿರಬಹುದು. ಜ್ವರದ ಜೊತೆ ನೋವು, ಪ್ರಜ್ಞೆ ತಪ್ಪುವುದು ಕೂಡ ತುರ್ತು. 108ಕ್ಕೆ ಕರೆ ಮಾಡಿ, ಬೆಳಗಿನವರೆಗೆ ಕಾಯಬೇಡಿ.

ಮುಟ್ಟು ನಿಂತ ನಂತರ ಕಂಡ ಸಿಸ್ಟ್, ಬಿಡದ ಹೊಟ್ಟೆಯುಬ್ಬರ, ಬೇಗ ಹೊಟ್ಟೆ ತುಂಬಿದಂತಾಗುವುದು, ತೂಕ ಇಳಿಯುವುದು ಇದ್ದರೆ ಕೆಲವೇ ದಿನಗಳಲ್ಲಿ ವೈದ್ಯರನ್ನು ಕಾಣಿ. ಮನೆಯಲ್ಲಿ ಅಂಡಾಶಯ ಅಥವಾ ಸ್ತನ ಕ್ಯಾನ್ಸರ್ ಆದವರಿದ್ದರೆ ಅದನ್ನೂ ಹೇಳಿ.

ಜೊತೆಗಿರುವವರಿಗೆ

ಅತ್ತೆ, ಅಮ್ಮ, ಗಂಡ, ಅಕ್ಕ ಯಾರೇ ಆಗಿರಿ, ಮೊದಲು ನೋವನ್ನು ನಂಬಿ. ವರದಿಯಲ್ಲಿ ‘ನಾರ್ಮಲ್’ ಎಂದು ಬಂದ ದಿನ ಅವರಿಗೆ ಬೇಕಾಗುವುದು ‘ಏನೂ ಇಲ್ಲವಂತೆ’ ಎಂಬ ಮಾತಲ್ಲ, ಮುಂದಿನ ಭೇಟಿಗೆ ಜೊತೆಗೆ ಬರುವ ಒಬ್ಬರು. ಫೈಲ್ ಹಿಡಿದುಕೊಳ್ಳಿ, ಭಾಷೆ ತೊಡಕಾದರೆ ಮಾತು ದಾಟಿಸಿ. ಆದರೆ ತಪಾಸಣೆಯ ವೇಳೆ ಸ್ವಲ್ಪ ಹೊತ್ತು ಅವರೊಬ್ಬರೇ ವೈದ್ಯರ ಜೊತೆ ಮಾತಾಡಲು ಬಿಡಿ. ಮನೆಯವರ ಮುಂದೆ ಹೇಳಲಾಗದ ಸಂಗತಿಯಲ್ಲೇ ಕಾರಣದ ಸುಳಿವು ಇರಬಹುದು. ನೋವಿನಿಂದ ಮನಸ್ಸು ಕುಗ್ಗಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ಮಾತಾಡುವ ಅವಕಾಶ ಇದೆ.

ಒಂದೇ ಭೇಟಿಯಲ್ಲಿ ಉತ್ತರ ಸಿಗದಿರಬಹುದು. ಪ್ರತಿ ಭೇಟಿಯ ಕೊನೆಗೆ ಎರಡು ವಿಷಯ ಕೇಳಿ ಬರೆದುಕೊಂಡು ಬನ್ನಿ: ಈಗ ನಿಮಗೆ ಯಾವ ಕಾಯಿಲೆಯ ಅನುಮಾನ ಇದೆ? ಈ ಚಿಕಿತ್ಸೆ ಕೆಲಸ ಮಾಡದಿದ್ದರೆ ಮತ್ತೆ ಯಾವಾಗ ಬರಬೇಕು?