ದೂರದ ಸಹಾಯಕರಿಗೆ ಏನನ್ನು ಒಪ್ಪಿಸಬಹುದು?

ಪ್ರಶ್ನೆ: ಮನೆಯಿಂದಲೇ ಇಳಕಲ್ ಸೀರೆ ಮಾರುತ್ತಿದ್ದೇನೆ. ಬೇರೆ ಊರಿನಲ್ಲಿದ್ದುಕೊಂಡೇ ನೆರವಾಗುವ ‘ವರ್ಚುಯಲ್ ಅಸಿಸ್ಟೆಂಟ್’ ಒಬ್ಬರಿಗೆ ಯಾವ ಕೆಲಸಗಳನ್ನು ಒಪ್ಪಿಸಬಹುದು?

ಉತ್ತರ: ಯಾವ ಕಾರ್ಯವು ದಿನಂಪ್ರತಿ ಒಂದೇ ಕ್ರಮದಲ್ಲಿ ನಡೆಯತಕ್ಕದ್ದೋ, ಯಾವುದಕ್ಕೆ ನಿಮ್ಮ ಸನ್ನಿಧಾನವು ಅವಶ್ಯವಲ್ಲವೋ, ಅದನ್ನು ನಿಸ್ಸಂಕೋಚವಾಗಿ ಒಪ್ಪಿಸಬಹುದು. ಗಿರಾಕಿಗಳ ವಿಚಾರಣೆಗೆ ಉತ್ತರಿಸುವುದು, ಆರ್ಡರುಗಳನ್ನು ಪಟ್ಟಿಗೇರಿಸುವುದು, ಕೊರಿಯರಿನ ಸಂಖ್ಯೆಯನ್ನು ತಿಳಿಸುವುದು, ನೀವು ತಿಂಗಳಿಗೊಮ್ಮೆ ಜಿಎಸ್‌ಟಿ ವಿವರ ಸಲ್ಲಿಸುವವರಾದರೆ 11ನೆಯ ತಾರೀಖಿನ ಜಿಎಸ್‌ಟಿಆರ್-1ಕ್ಕೂ 20ರ ಜಿಎಸ್‌ಟಿಆರ್-3ಬಿಗೂ ಬಿಲ್ಲುಗಳನ್ನು ಜೋಡಿಸಿಡುವುದು, ಇವೆಲ್ಲವೂ ಅಂಥವೇ. ಆದರೆ ಸೀರೆಯನ್ನು ಕೈಯಲ್ಲಿ ಹಿಡಿದು ನೋಡದವರು ಒಡಲು ಹತ್ತಿಯದೋ ರೇಷ್ಮೆಯದೋ ಎಂಬುದನ್ನು ಚಿತ್ರದಿಂದ ಊಹಿಸಿ ಹೇಳುವಂತಾಗಬಾರದಾದುದರಿಂದ, ಪ್ರತಿಯೊಂದು ಸೀರೆಗೂ ಒಡಲಿನ ನೂಲು, ಸೆರಗಿನ ನೂಲು, ದಡಿಯ ಮಾದರಿ, ಉದ್ದ, ಬೆಲೆ ಇಷ್ಟನ್ನು ನೀವೇ ಬರೆದುಕೊಡತಕ್ಕದ್ದು.

ನಿಮ್ಮ ಪ್ರತಿನಿಧಿಯಾಗಿ, ನೀವಿತ್ತ ಅಧಿಕಾರದ ಮಿತಿಯೊಳಗೆ ಈ ಸಹಾಯಕರು ಮಾಡಿಕೊಂಡ ಒಪ್ಪಂದವು 1872ರ ಭಾರತೀಯ ಕರಾರು ಅಧಿನಿಯಮದ ಪ್ರಕಾರ ನಿಮ್ಮನ್ನೇ ಬಂಧಿಸುವುದರಿಂದ, ರಿಯಾಯಿತಿ ಎಷ್ಟರವರೆಗೆ, ಸೀರೆಯನ್ನು ಹಿಂದಕ್ಕೆ ಪಡೆಯುವುದು ಎಷ್ಟು ದಿನಗಳೊಳಗೆ ಎಂಬುದನ್ನು ಮೊದಲೇ ಲಿಖಿತರೂಪದಲ್ಲಿ ಗೊತ್ತುಮಾಡಿರಿ. ವಾಟ್ಸಾಪನ್ನು ಅವರ ಕಂಪ್ಯೂಟರಿಗೆ ಜೋಡಿಸಿಕೊಟ್ಟರೆ, ಬೇಡವೆನಿಸಿದಾಗ ನಿಮ್ಮ ಫೋನಿನಿಂದಲೇ ಆ ಜೋಡಣೆಯನ್ನು ಕಡಿದುಹಾಕಬಹುದು. ಯುಪಿಐ ಪಿನ್ನನ್ನೂ ಬ್ಯಾಂಕಿನ ಒಟಿಪಿಯನ್ನೂ ಎಷ್ಟೇ ವಿಶ್ವಾಸವಿದ್ದರೂ ಕೊಡಕೂಡದು.

ಆರಂಭದಲ್ಲಿ ಆರ್ಡರಿನ ಪಟ್ಟಿಯೊಂದನ್ನೇ ವಹಿಸಿ, ಸಂಜೆಗೊಮ್ಮೆ ಅದನ್ನು ಬ್ಯಾಂಕಿನ ಜಮೆಯೊಡನೆ ತಾಳೆನೋಡಿರಿ. ಲೆಕ್ಕವು ಸರಿಹೊಂದುತ್ತ ಬಂದ ಮೇಲೆ ಉಳಿದ ಕೆಲಸಗಳನ್ನು ಒಂದೊಂದಾಗಿ ಬಿಟ್ಟುಕೊಡಬಹುದು.