ಹೊಸ ಡಿಡಿಪಿಐ ಸಾಹೇಬರನ್ನು ಸತ್ಕರಿಸುವ ಮುನ್ನ

ಕಂದಾಯದ ಲೆಕ್ಕದಲ್ಲಿ ಬೆಳಗಾವಿ ಒಂದೇ ಜಿಲ್ಲೆ. ಶಿಕ್ಷಣ ಇಲಾಖೆಗೆ ಮಾತ್ರ ಎರಡು: ಬೆಳಗಾವಿ ಮತ್ತು ಚಿಕ್ಕೋಡಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಶಾಲೆಗಳು ಬೆಳಗಾವಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ. ಇದರ ಮುಖ್ಯಸ್ಥರೇ ಡಿಡಿಪಿಐ, ಅಂದರೆ ಇಲಾಖೆಯ ಉಪನಿರ್ದೇಶಕರು. ಅವರ ಕೈಕೆಳಗೆ ವಲಯಕ್ಕೊಬ್ಬ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಇರುತ್ತಾರೆ.

ಮಾಸ್ತರಿಕೆ ಮಾಡುತ್ತ ಮಾಡುತ್ತ ಮೇಲೆ ಬಂದವರು ಈ ಕುರ್ಚಿಗೆ ಬಂದರೆ ಊರಿಗೆ ಹಿಗ್ಗು. ಸತ್ಕಾರ ಮಾಡೋಣ ಅನ್ನಿಸುತ್ತದೆ. ಮಾಡಬಹುದೇ? ಅವರು ಸರಕಾರಿ ನೌಕರರು. ತಮ್ಮ ಗೌರವಾರ್ಥ ನಡೆಯುವ ಸಭೆಗೆ ಹೋಗಲು, ಮಾನಪತ್ರ ಸ್ವೀಕರಿಸಲು ಅವರಿಗೆ ನಡತೆ ನಿಯಮಗಳ ಪ್ರಕಾರ ಪೂರ್ವಾನುಮತಿ ಬೇಕಾಗುತ್ತದೆ. ಸಂಘ-ಸಂಸ್ಥೆಗಳು ಸರಳವಾಗಿ ಏರ್ಪಡಿಸುವ ಕಾರ್ಯಕ್ರಮಕ್ಕೆ ವಿನಾಯಿತಿ ಉಂಟು. ಆದ್ದರಿಂದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮಾಡಲಿ, ಶಿಕ್ಷಕರ ಸಂಘ ಮಾಡಲಿ, ಅನುಮತಿ ಬೇಕೇ ಎಂದು ಮೊದಲು ಸಾಹೇಬರನ್ನೇ ಕೇಳಿ ಮುಂದುವರಿಯಿರಿ.

ಖರ್ಚು ಎಷ್ಟು? ಇಲ್ಲಿಯೇ ಹೆಚ್ಚು ತಪ್ಪಾಗುವುದು. ಒಬ್ಬೊಬ್ಬ ಶಿಕ್ಷಕರಿಗೆ ಇಂತಿಷ್ಟು ವಂತಿಗೆ ಎಂದು ಹೇರುವುದು ಖಂಡಿತ ಬೇಡ. ಪೆಂಡಾಲು, ಬೆಳ್ಳಿ ಮೂರ್ತಿ ಯಾವುದೂ ಬೇಕಿಲ್ಲ. ಸರಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು ಬಿಟ್ಟು ಕನ್ನಡ ಪುಸ್ತಕ ಕೊಡಿ ಎಂದು 2021ರಲ್ಲಿ ರಾಜ್ಯ ಸರಕಾರವೇ ಹೇಳಿದೆ. ಐನೂರು ರೂಪಾಯಿಗೆ ಎರಡು ಒಳ್ಳೆಯ ಪುಸ್ತಕ ಬರುತ್ತವೆ. ಧಾರವಾಡದ ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆ ಎಂಬ ಪುಸ್ತಕ ಪ್ರಕಾಶನ ಸಂಸ್ಥೆ ಇದೆ. ಸವದತ್ತಿ, ಬೈಲಹೊಂಗಲದವರಿಗೆ ದೂರವೇನಲ್ಲ.

ಮಾನಪತ್ರಕ್ಕೆ ಮಾತ್ರ ಸಮಯ ಕೊಡಿ. "ಸರಳ ಸಜ್ಜನಿಕೆಯ ಶಿಕ್ಷಣ ಪ್ರೇಮಿ" ಎಂಬ ಮಾತು ಯಾರಿಗಾದರೂ ಹೊಂದುತ್ತದೆ. ಅವರು ಮೊದಲು ಪಾಠ ಮಾಡಿದ್ದು ಯಾವ ಊರಿನ ಸಾಲಿಯಲ್ಲಿ, ಯಾವ ವಿಷಯ, ಕಬ್ಬು ಕಡಿಯಲು ಹೋದ ತಾಯಿ-ತಂದೆಯ ಬೆನ್ನು ಹತ್ತಿದ ಮಕ್ಕಳನ್ನು ಹೇಗೆ ತರಗತಿಗೆ ಮರಳಿ ತಂದರು, ಅದನ್ನು ಬರೆಯಿರಿ. ಅವರ ಹಳೆಯ ವಿದ್ಯಾರ್ಥಿಯೊಬ್ಬರೇ ಅದನ್ನು ಓದಲಿ. ಜನ ನೆನೆಯುವುದು ಕೆಲಸವನ್ನೇ. ಮರಾಠಿ ಶಾಲೆಗಳದೇ ಮೇಲುಗೈಯಾಗಿದ್ದ ಕಾಲದಲ್ಲಿ ಈ ಭಾಗದಲ್ಲಿ ಕನ್ನಡ ಶಾಲೆ ಬೆಳೆಸಿದ ಚನ್ನಬಸಪ್ಪನವರು ಶಾಲೆಗಳ ಡೆಪ್ಯುಟಿ ಇನ್‌ಸ್ಪೆಕ್ಟರ್ ಆಗಿದ್ದರು. 1881ರಲ್ಲಿ ತೀರಿಕೊಂಡರು. ಜನ ಇಂದಿಗೂ ಅವರನ್ನು ಡೆಪ್ಯುಟಿ ಚನ್ನಬಸಪ್ಪ ಎಂದೇ ಕರೆಯುತ್ತಾರೆ. ಮಾಡಿದ ಕೆಲಸದಿಂದ ಹುದ್ದೆಯೇ ಹೆಸರಾಯಿತು.

ಯಾವಾಗ ಇಟ್ಟುಕೊಳ್ಳಬೇಕು? ಪಾಠದ ವೇಳೆ ಬೇಡ. ಶಿಕ್ಷಣ ಹಕ್ಕು ಕಾಯ್ದೆಯಂತೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಲೇಬೇಕು. ಸ್ವಾಗತಕ್ಕೆಂದು ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಬೇಡಿ. ಶನಿವಾರ ಬೆಳಗಿನ ಸಾಲಿ ಬಿಟ್ಟ ಮೇಲೆ ಒಂದು ತಾಸು ಸಾಕು. ದಿನ ಗೊತ್ತು ಮಾಡುವ ಮೊದಲು ನಿಮ್ಮ ವಲಯದ ಬಿಇಓ ಕಚೇರಿಗೆ ಒಂದು ಪತ್ರ ಕೊಟ್ಟು ಬನ್ನಿ.