ಕಾಶಿಯ ಬಹಿಯೂ ರಕ್ತದ ಏರೊತ್ತಡವೂ

ಕಾಶಿಯಾತ್ರೆಗೆ ಬಂದವರ ಊರು, ಗೋತ್ರ, ತಾತಮುತ್ತಾತಂದಿರ ಹೆಸರುಗಳನ್ನು ಅಲ್ಲಿನ ತೀರ್ಥಪುರೋಹಿತರು ತಮ್ಮ ಬಹಿಗಳಲ್ಲಿ ಬರೆದಿಡುವುದುಂಟು. ಅವರಲ್ಲಿ ಯಾರು ಪಾರ್ಶ್ವವಾಯುವಿಗೆ ತುತ್ತಾದರೆಂಬ ಲೆಕ್ಕ ಮಾತ್ರ ಅಲ್ಲಿರದು. ವಿಜ್ಞಾನಿಗಳು ಅದರ ಸುಳಿವನ್ನು ವಂಶವಾಹಿಗಳಲ್ಲಿ ಅರಸುತ್ತಿದ್ದಾರೆ.

ಲಿಡ್ಲ್ ರೋಗವೆಂಬುದರಲ್ಲಿ ಒಂದೇ ವಂಶವಾಹಿಯ ದೋಷದಿಂದ ಮೂತ್ರಪಿಂಡಗಳು ಉಪ್ಪನ್ನು ಹಿಡಿದಿಟ್ಟುಕೊಂಡು ಒತ್ತಡವೇರುವುದೆಂದು 1994ರಲ್ಲಿ ತಿಳಿಯಿತು. ಆದರೆ ಅಂಥ ಕುಟುಂಬಗಳು ಅತಿ ವಿರಳ. 2018ರಲ್ಲಿ ಯೂರೋಪ್ ಮೂಲದ ಹತ್ತು ಲಕ್ಷಕ್ಕೂ ಮಿಕ್ಕ ಜನರ ಅಧ್ಯಯನವು ಒತ್ತಡಕ್ಕೆ ಸಂಬಂಧಿಸಿದ 900ಕ್ಕೂ ಹೆಚ್ಚು ಆನುವಂಶಿಕ ತಾಣಗಳನ್ನು ಗುರುತಿಸಿತು. ಒಂದೊಂದರ ಪಾಲು ಸಾಮಾನ್ಯವಾಗಿ ಪಾದರಸದ 1 ಮಿ.ಮೀ.ಗೂ ಕಡಿಮೆ, ಹನಿಹನಿ ಕೂಡಿಯೇ ಹಳ್ಳ.

ಆದುದರಿಂದ ಏರೊತ್ತಡವು ಹಣೆಬರಹವಲ್ಲ, ಪಿತ್ರಾರ್ಜಿತ ಸಾಲದಂತೆ. ಅಸಲು ಹಿರಿಯರದು, ಬಡ್ಡಿಯನ್ನು ಬೆಳೆಸುವವರು ನಾವು. ಉಪ್ಪಿನಕಾಯಿ, ಹಪ್ಪಳ, ತಂಬಾಕು, ಬೊಜ್ಜು, ಕುಳಿತೇ ಮಾಡುವ ಉದ್ಯೋಗ ಇವೇ ಆ ಬಡ್ಡಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಈ ವ್ಯಾಧಿ ಬಹುಮಟ್ಟಿಗೆ ಸದ್ದಿಲ್ಲದೆ ಬರುವುದು. ತಂದೆತಾಯಿಗಳಿಗೆ ಏರೊತ್ತಡವಿದ್ದವರು ತಲೆನೋವು ಬರಲೆಂದು ಕಾಯದೆ ವರ್ಷಕ್ಕೊಮ್ಮೆಯಾದರೂ ಒತ್ತಡವನ್ನು ಅಳೆಯಿಸಿಕೊಳ್ಳಲಿ. ಊರು ಬಿಟ್ಟು ದೂರ ನೆಲೆಸಿದ ಪ್ರತಿ ಮನೆಯಲ್ಲೂ ಒಂದು ಸಣ್ಣ ಬಹಿಯಿರಲಿ: ಯಾರಿಗೆ, ಯಾವ ವಯಸ್ಸಿನಲ್ಲಿ, ಏನು ಬಾಧಿಸಿತೆಂದು. ಮುಂದಿನ ಪೀಳಿಗೆಗೆ ಅದುವೇ ರಕ್ಷೆ.